ಕಡಲ ತಳದ ಸ್ಥಳನಿರ್ದೇಶ: ಬೆಟ್ಟದ ಸಾಲಿನಿಂದ ಉಪಗ್ರಹದವರೆಗೆ

ಒಂದು ಸ್ಥಳವನ್ನು ಕಾಣುವುದು ಬೇರೆ. ಕಂಡ ಸ್ಥಳಕ್ಕೆ ಮತ್ತೊಮ್ಮೆ ತಪ್ಪದೆ ಬರುವುದು ಬೇರೆ. ನೆಲದ ಮೇಲೆ ಈ ಎರಡನೆಯ ಕಾರ್ಯ ಅಷ್ಟು ಕಷ್ಟವಲ್ಲ. ಕನ್ನಡದ ದಾನಶಾಸನಗಳು ದತ್ತಿಯ ಭೂಮಿಗೆ ಚತುಸ್ಸೀಮೆಯನ್ನು ಹೇಳುವಾಗ ಬೆಟ್ಟ, ಹಳ್ಳ, ಹುತ್ತ, ಮರ, ನೆಟ್ಟ ಕಲ್ಲುಗಳನ್ನು ಹೆಸರಿಸುತ್ತವೆ. ಓದಿದವನು ಎಲ್ಲೆಯನ್ನು ನಡೆದು ನೋಡಬಹುದು. ಕಡಲಿನ ಮೇಲ್ಮೈಯಲ್ಲಿ ಕಲ್ಲು ನೆಡುವಂತಿಲ್ಲ. ನೀರಿನಡಿಯ ಬಂಡೆ, ಹವಳದ ದಿಬ್ಬ, ಮುಳುಗಿದ ಹಡಗು ಇವುಗಳನ್ನು ನೋಡಲು ಉಸಿರಿನ ತೊಟ್ಟಿಯನ್ನು ಬೆನ್ನಿಗೇರಿಸಿ ಇಳಿಯುವವರಿಗೆ, ಅಂದರೆ ಸ್ಕೂಬಾ ಮುಳುಗುಗಾರರಿಗೆ, ಆದ್ದರಿಂದಲೇ ಸ್ಥಳನಿರ್ದೇಶವು ಮೊದಲ ಸಮಸ್ಯೆಯಾಗಿದೆ. ವಿಶಾಖಪಟ್ಟಣದ ಋಷಿಕೊಂಡದಲ್ಲಿಯೂ, ಕರ್ನಾಟಕದ ಮುರುಡೇಶ್ವರದಿಂದ ಹೊರಟು ಸೇರುವ ನೇತ್ರಾಣಿ ದ್ವೀಪದ ಸುತ್ತಲೂ ಈ ಕ್ರೀಡೆ ಬೇರೂರಿರುವುದರಿಂದ, ಆ ಸಮಸ್ಯೆಯೂ ಅದರ ಪರಿಹಾರವೂ ವಿಚಾರಾರ್ಹವಾಗಿವೆ.

ಈ ಸಮಸ್ಯೆಯನ್ನು ಬೆಸ್ತರು ಎಂದೋ ಬಿಡಿಸಿದ್ದರು. ದಡದ ಮೇಲೆ ಒಂದರ ಹಿಂದೊಂದಿರುವ ಎರಡು ವಸ್ತುಗಳು, ಉದಾಹರಣೆಗೆ ಒಂದು ಗೋಪುರ ಮತ್ತು ಅದರ ಹಿಂದಿನ ಬೆಟ್ಟದ ತುದಿ, ಒಂದೇ ನೇರದಲ್ಲಿ ಕಂಡಾಗ ದೋಣಿ ಒಂದು ನಿಶ್ಚಿತ ಸಾಲಿನ ಮೇಲಿರುತ್ತದೆ. ಬೇರೊಂದು ದಿಕ್ಕಿನಲ್ಲಿ ಅಂಥದೇ ಇನ್ನೊಂದು ಜೋಡಿ ಕೂಡಿಬಂದರೆ ಎರಡು ಸಾಲುಗಳು ಸಂಧಿಸುವ ಬಿಂದುವೇ ಬೇಕಾದ ಸ್ಥಳ. ದೀಪಸ್ತಂಭವನ್ನು ಹೊತ್ತ ಡಾಲ್ಫಿನ್ಸ್ ನೋಸ್ ಬೆಟ್ಟ, ಕೈಲಾಸಗಿರಿ, ಸಿಂಹಾಚಲದ ಶ್ರೇಣಿ ಇವು ದಡಕ್ಕೆ ಸಮೀಪವಾಗಿಯೇ ಎದ್ದು ನಿಂತಿರುವ ವಿಶಾಖಪಟ್ಟಣದ ಕರಾವಳಿ ಈ ವಿಧಾನಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಮಂಜು ಮುಸುಕಿದಾಗ, ಕತ್ತಲಾದಾಗ, ಹೊಸ ಕಟ್ಟಡವೊಂದು ಅಡ್ಡ ಬಂದಾಗ ಈ ಸಾಲು ಕಡಿದುಹೋಗುತ್ತದೆ. ಮೇಲಾಗಿ ಇದು ಬರೆದಿಡದ ವಿದ್ಯೆ, ಬಲ್ಲವನೊಡನೆಯೇ ಕಣ್ಮರೆಯಾಗುತ್ತದೆ.

ಉಪಗ್ರಹಗಳ ನೆರವಿನ ಜಿ.ಪಿ.ಎಸ್. ಪದ್ಧತಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸ್ಥಾನವನ್ನೂ ಕಾಲವನ್ನೂ ಸಾರುತ್ತಿರುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಕಾಲದಿಂದ ದೂರವನ್ನು ಗಣಿಸಲಾಗುತ್ತದೆ. ಕಾಲಗಣನೆ ಸೆಕೆಂಡಿನ ಹತ್ತು ಲಕ್ಷದ ಒಂದಂಶ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆದುದರಿಂದ ಮೂರು ಆಯಾಮಗಳ ಜೊತೆಗೆ ಗ್ರಾಹಕದ ಗಡಿಯಾರದ ದೋಷವನ್ನೂ ಕಂಡುಕೊಳ್ಳಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕಾಗುತ್ತವೆ. 2000ದ ಮೇ ತಿಂಗಳಿನವರೆಗೆ ಅಮೆರಿಕವು ಸಾರ್ವಜನಿಕ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದುದರಿಂದ ತಪ್ಪು ನೂರು ಮೀಟರಿನಷ್ಟಿರುತ್ತಿತ್ತು. ಆ ನಿರ್ಬಂಧ ತೊಲಗಿದ ಮೇಲೆ ತೆರೆದ ಆಕಾಶದ ಕೆಳಗೆ ಸಾಧಾರಣ ಗ್ರಾಹಕವೂ ಸುಮಾರು 5 ಮೀಟರಿನ ನಿಖರತೆಯನ್ನು ಕೊಡುತ್ತದೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ಕಟ್ಟಿದ ‘ಗಗನ್’ ವ್ಯವಸ್ಥೆ ಇದನ್ನು ಮತ್ತಷ್ಟು ತಿದ್ದುತ್ತದೆ. ಅದರ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ.

ವಿಜಯವಾಡದ ವಿಮಾನ ನಿಲ್ದಾಣವಿರುವ ಗನ್ನವರಂ ಕಡಲಿನಿಂದ ದೂರದ ಊರು. ಆದರೂ ಅಲ್ಲಿಯ ರನ್‌ವೇಯನ್ನು ಅರಸಿ ಬರುವ ವಿಮಾನಕ್ಕೂ ಋಷಿಕೊಂಡದಾಚೆ ಬಂಡೆಯನ್ನು ಅರಸುವ ದೋಣಿಗೂ ಪ್ರಶ್ನೆ ಒಂದೇ: ಅಂಕಿಗಳಲ್ಲಿ ಬರೆದಿಟ್ಟ ಬಿಂದುವನ್ನು ಮತ್ತೆ ಸೇರುವುದು ಹೇಗೆ? ಭೇದವಿಷ್ಟೇ. ರನ್‌ವೇಯ ತುದಿಗಳನ್ನು ಭೂಮಾಪಕರು ಅಳೆದು ಪ್ರಕಟಿಸಿರುತ್ತಾರೆ. ಹತ್ತಿರ ಬಂದರೆ ಅದು ಕಣ್ಣಿಗೂ ಕಾಣುತ್ತದೆ. ಕಡಲ ತಳದ ಬಂಡೆಗೆ ಇವೆರಡೂ ಇಲ್ಲ. ಉಪಗ್ರಹದ ರೇಡಿಯೋ ಸಂಕೇತ ಉಪ್ಪುನೀರಿನಲ್ಲಿ ಕೆಲವು ಅಂಗುಲಗಳೊಳಗೇ ಅಡಗಿಹೋಗುತ್ತದೆ. ಆದುದರಿಂದ ಗ್ರಾಹಕವು ಹೇಳುವುದು ಯಾವಾಗಲೂ ಮೇಲ್ಮೈಯ ಸ್ಥಾನವನ್ನೇ ಹೊರತು ತಳದ ಸ್ಥಾನವನ್ನಲ್ಲ.

ಈ ಅಂತರ ಎಷ್ಟು ದೊಡ್ಡದಾಗಬಹುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಮೀಟರ್ ಆಳದಲ್ಲಿ ಲಂಗರು ಬಿಟ್ಟು 60 ಮೀಟರ್ ಹಗ್ಗ ಸಡಿಲಿಸಿದ ದೋಣಿ, ಹಗ್ಗ ಬಿಗಿದು ನಿಂತಾಗ, ಲಂಗರಿನಿಂದ ಸುಮಾರು 56 ಮೀಟರ್ ದೂರದಲ್ಲಿರುತ್ತದೆ. ಪೂರ್ವ ಕರಾವಳಿಯ ಪ್ರವಾಹವು ಫೆಬ್ರವರಿಯಿಂದ ಮೇವರೆಗೆ ಈಶಾನ್ಯಕ್ಕೂ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೈರುತ್ಯಕ್ಕೂ ಹರಿಯುತ್ತದೆ. ಹೀಗಾಗಿ ಒಂದೇ ಬಂಡೆಗೆ ಮಾರ್ಚಿಯಲ್ಲಿ ಗುರುತಿಸಿದ ಅಂಕಿಗೂ ನವೆಂಬರಿನಲ್ಲಿ ಗುರುತಿಸಿದ ಅಂಕಿಗೂ ನೂರು ಮೀಟರಿಗೂ ಮಿಕ್ಕ ವ್ಯತ್ಯಾಸ ಬರಬಹುದು. ನೀರು ಕಲಕಿ ನಾಲ್ಕೈದು ಮೀಟರಿನಾಚೆ ಕಾಣದ ದಿನ ಇದು ಇಡೀ ಮುಳುಗನ್ನೇ ವ್ಯರ್ಥಗೊಳಿಸುವ ತಪ್ಪು. ಯಂತ್ರ ಇಲ್ಲಿ ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಇದಕ್ಕೆ ಪರಿಹಾರವೆಂದರೆ ತೂಕದ ಗುಂಡು ಕಟ್ಟಿದ ಹಗ್ಗವನ್ನು ಬಂಡೆಯ ಮೇಲಿಳಿಸಿ, ಮೇಲ್ತುದಿಗೆ ತೇಲುಬುರುಡೆಯನ್ನು ಕಟ್ಟಿ, ಹಗ್ಗ ಲಂಬವಾಗಿ ನಿಂತಿರುವಾಗ ಬುರುಡೆಯ ಪಕ್ಕದಲ್ಲಿಯೇ ಸ್ಥಾನವನ್ನು ದಾಖಲಿಸುವುದು. ಕೆಲವು ನಿಮಿಷಗಳ ಅಳತೆಗಳ ಸರಾಸರಿ ಒಂದೇ ಕ್ಷಣದ ಅಳತೆಗಿಂತ ಮೇಲು. ಮುಳುಗುಗಾರನ ಹಾದಿಯನ್ನೇ ಬರೆದಿಡಬೇಕಾದಲ್ಲಿ ನೀರು ಹೊಗದ ಪೆಟ್ಟಿಗೆಯಲ್ಲಿ ಗ್ರಾಹಕವನ್ನಿಟ್ಟು, ತೇಲುವ ಹಲಗೆಗೆ ಬಿಗಿದು, ಅವನೇ ಅದನ್ನು ಎಳೆದುಕೊಂಡು ಹೋಗುತ್ತಾನೆ. ಕ್ಯಾಮೆರದ ಗಡಿಯಾರವನ್ನು ಗ್ರಾಹಕದ ಕಾಲಕ್ಕೆ ಮೊದಲೇ ಹೊಂದಿಸಿದ್ದರೆ, ತೆಗೆದ ಪ್ರತಿಯೊಂದು ಚಿತ್ರಕ್ಕೂ ಅದರ ಸ್ಥಳ ದೊರೆಯುತ್ತದೆ. ಹವಳದ ಸಮೀಕ್ಷೆಗಳಲ್ಲಿ ಬಳಕೆಯಲ್ಲಿರುವ ಈ ವಿಧಾನದಲ್ಲಿಯೂ ಹಗ್ಗ ಗಿಡ್ಡವಾಗಿ, ನೆಟ್ಟಗೆ ಇರಬೇಕೆಂಬ ನಿಯಮ ತಪ್ಪದು.

ಅಳತೆ ಸರಿಯಾಗಿದ್ದರೂ ಬರಹ ಕೆಡಬಹುದು. 17 ಅಂಶ 45.50 ನಿಮಿಷ ಎಂಬುದನ್ನು 17 ಅಂಶ 45 ನಿಮಿಷ 50 ಸೆಕೆಂಡು ಎಂದು ಓದಿದರೆ ದೋಣಿ 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿಯುತ್ತದೆ. ಏಕೆಂದರೆ ಅರ್ಧ ನಿಮಿಷವೆಂದರೆ 30 ಸೆಕೆಂಡು, 50 ಅಲ್ಲ. ಅಂಕಿಗಳು ಯಾವ ಭೂಮಾನವನ್ನು ಆಧರಿಸಿವೆ ಎಂಬುದೂ ಮುಖ್ಯ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದನು. ಅಂಥ ಅಳತೆಗಳಿಂದ ಬೆಳೆದ ಭಾರತದ ಸರ್ವೇಕ್ಷಣದ ಹಳೆಯ ನಕ್ಷೆಗಳು 1830ರ ಎವರೆಸ್ಟ್ ಮಾನವನ್ನು ಅನುಸರಿಸಿದವು, ಜಿ.ಪಿ.ಎಸ್. ಅನುಸರಿಸುವುದು 1984ರ ಜಾಗತಿಕ ಮಾನವನ್ನು. ಒಂದರ ಅಂಕಿಯನ್ನು ಮತ್ತೊಂದರ ಮೇಲೆ ಹಾಗೆಯೇ ಗುರುತಿಸಿದರೆ ಸ್ಥಳ ನೂರಾರು ಅಡಿ ಜರುಗುತ್ತದೆ. ವಿಮಾನಯಾನದಲ್ಲಿ 1998ರಿಂದ ಈ ಜಾಗತಿಕ ಮಾನವೇ ಅಂತರರಾಷ್ಟ್ರೀಯ ನಿಯಮವಾಗಿದ್ದು, ಗನ್ನವರಂ ಮೊದಲಾದ ನಿಲ್ದಾಣಗಳಿಗೆ ಈ ಗೊಂದಲವಿಲ್ಲ. ಕೈಬರಹದ ಪುಸ್ತಕದಲ್ಲಿ ಗುರುತುಗಳನ್ನಿಡುವ ದೋಣಿಯವರಿಗೆ ಅಂಥ ನಿಯಮದ ಆಸರೆಯಿಲ್ಲ.

ಹಿಂದಿರುಗಿ ಹೋಗುವಾಗ ಬರಿಯ ಅಂಕಿಯನ್ನು ನಂಬುವುದು ಸಾಲದು. ಅಂಕಿ ದೋಣಿಯನ್ನು ಸಮೀಪಕ್ಕೆ ತರುತ್ತದೆ. ಪ್ರತಿಧ್ವನಿಯಿಂದ ಆಳವನ್ನಳೆಯುವ ಯಂತ್ರ ಬಂಡೆಯ ಏರಿಕೆಯನ್ನು ತೋರಿಸುತ್ತದೆ. ದಡದ ಬೆಟ್ಟಗಳ ಸಾಲು ಇವೆರಡಕ್ಕೂ ಸಾಕ್ಷಿ ನುಡಿಯುತ್ತದೆ. ಮೂರೂ ಒಪ್ಪಿದಾಗ ಗುಂಡನ್ನು ಇಳಿಸಬೇಕು. ಮುಳುಗಿದವರು ಪ್ರವಾಹಕ್ಕೆ ಸಿಕ್ಕಿ ಬೇರೆಡೆ ಮೇಲೆದ್ದರೆ ಅವರನ್ನು ಹುಡುಕುವುದೂ ಇಳಿದ ಬಿಂದುವನ್ನು ಆಧರಿಸಿಯೇ. ಆ ಬಿಂದು ತಪ್ಪಾಗಿದ್ದರೆ ಹುಡುಕಾಟವೇ ತಪ್ಪು ನೀರಿನಲ್ಲಿ ಆರಂಭವಾಗುತ್ತದೆ. ಪ್ರಾಣದ ಪ್ರಶ್ನೆ ಬರುವುದು ಇಲ್ಲಿ.

ಇನ್ನು ಬರೆದಿಟ್ಟ ಸ್ಥಳವನ್ನು ಸಾರಬೇಕೇ ಎಂಬ ವಿಚಾರ. ಪ್ರಕಟವಾದ ಅಂಕಿ ಯಾರನ್ನಾದರೂ ಕರೆತರುತ್ತದೆ. ಹತ್ತು ದೋಣಿಗಳು ಒಂದೇ ಹವಳದ ಮೇಲೆ ಲಂಗರು ಬಿಟ್ಟರೆ ನೋಡಲು ಬಂದದ್ದೇ ನುಚ್ಚಾಗುತ್ತದೆ. ಬೆಸ್ತರಿಗೆ ಅದೇ ಬಂಡೆ ಮೀನಿನ ನೆಲೆ, ಎಂದರೆ ಅನ್ನದ ನೆಲೆ. ಅವರಿಂದ ತಿಳಿದು ಬರೆದುಕೊಂಡದ್ದನ್ನು ಅವರನ್ನು ಕೇಳದೆ ಊರಿಗೆಲ್ಲ ಹಂಚುವುದು ನ್ಯಾಯವಲ್ಲ. ಗೌರವದಿಂದ ದೂರವಿರಬೇಕಾದ ನೆಲೆಗಳೂ ಉಂಟು. 1971ರ ಡಿಸೆಂಬರ್ 3–4ರ ರಾತ್ರಿ ವಿಶಾಖಪಟ್ಟಣದ ಬಂದರಿನ ಹೊರಗೆ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ತನ್ನ ನಾವಿಕರೆಲ್ಲರೊಡನೆ ಮುಳುಗಿತು. ಆ ಅವಶೇಷ ಕುತೂಹಲದ ತಾಣವಲ್ಲ, ಸಮಾಧಿ.

ಆದ್ದರಿಂದ ಕಡಲ ತಳದ ಸ್ಥಳವನ್ನು ಬರೆದಿಡುವವರು ಅಕ್ಷಾಂಶ ರೇಖಾಂಶಗಳೊಡನೆ ಅವುಗಳ ಮಾನ, ಬರಹದ ಕ್ರಮ, ಆಳ, ದಿನಾಂಕ, ಪ್ರವಾಹದ ದಿಕ್ಕು, ಗುರುತಿಸಿದ ವಿಧಾನ ಮತ್ತು ದಡದ ಸಾಲುಗಳನ್ನೂ ಬರೆಯುವುದು ಯುಕ್ತ. ಶಾಸನ ಬರೆಯಿಸಿದವರು ನಾಲ್ಕು ದಿಕ್ಕಿನ ಎಲ್ಲೆಗಳನ್ನೂ ಹೇಳಿದುದು ಒಂದು ಗುರುತು ಅಳಿದರೂ ಉಳಿದವು ಭೂಮಿಯನ್ನು ಕಾಯಲೆಂದು. ಉಪಗ್ರಹದ ಯುಗದಲ್ಲಿಯೂ ಆ ಎಚ್ಚರ ಹಳತಾಗಿಲ್ಲ.