ಟ್ಯಾಗ್ ಹುಬ್ಬಳ್ಳಿಗೆ, ತಪಾಸಣೆ ಬೆಂಗಳೂರಿನಲ್ಲಿ

ವಿದೇಶದ ವಸ್ತುಪ್ರದರ್ಶನಕ್ಕೆ ಹೋಗಿ ಮರಳುವ ಸಣ್ಣ ಉದ್ಯಮಿಯ ಪೆಟ್ಟಿಗೆಯಲ್ಲಿ ಬಟ್ಟೆಬರೆಯೊಡನೆ ಕೆಲವು ಮಾದರಿ ವಸ್ತುಗಳೋ, ಕೆಟ್ಟು ನಿಂತ ಯಂತ್ರಕ್ಕೆ ಬೇಕಾದ ಬಿಡಿಭಾಗವೋ ಇರುವುದುಂಟು. ದುಬೈಯಿಂದ ಬೆಂಗಳೂರಿನ ಮೂಲಕ ಹುಬ್ಬಳ್ಳಿಗೆ ಒಂದೇ ಟಿಕೆಟ್ ಪಡೆದು, ಪೆಟ್ಟಿಗೆಗೆ ಹುಬ್ಬಳ್ಳಿಯ ಟ್ಯಾಗ್ ಬಿದ್ದರೆ, ಅದು ತಾನಾಗಿಯೇ ಊರು ಸೇರುವುದೆಂದು ಭಾವಿಸುವುದು ಸಹಜ. ಅನೇಕರು ಎಡವುವುದು ಇಲ್ಲಿಯೇ.

ಟ್ಯಾಗ್ ಎಂಬುದು ವಿಮಾನಯಾನ ಸಂಸ್ಥೆಯ ಸಾಗಣೆಯ ಗುರುತೇ ಹೊರತು ಕಸ್ಟಮ್ಸ್ ಅನುಮತಿಯಲ್ಲ. 1962ರ ಕಸ್ಟಮ್ಸ್ ಕಾಯಿದೆಯ 77ನೇ ಕಲಮಿನ ಪ್ರಕಾರ ಬ್ಯಾಗೇಜಿನ ಮಾಲೀಕನೇ ಅದರಲ್ಲಿರುವ ವಸ್ತುಗಳನ್ನು ಅಧಿಕಾರಿಗೆ ಘೋಷಿಸಬೇಕು. ಹುಬ್ಬಳ್ಳಿಯು ದೇಶೀಯ ವಿಮಾನ ನಿಲ್ದಾಣವಾದ್ದರಿಂದ ಈ ಕಾರ್ಯ ಬೆಂಗಳೂರಿನಲ್ಲಿಯೇ ಮುಗಿಯಬೇಕು. ಪ್ರಯಾಣಿಕನು ವಲಸೆ ತಪಾಸಣೆಯ ನಂತರ ಬೆಲ್ಟ್‌ನಿಂದ ಪೆಟ್ಟಿಗೆಯನ್ನು ಪಡೆದು, ಕೆಂಪು ಅಥವಾ ಹಸಿರು ಚಾನೆಲ್ ಮೂಲಕ ಹೊರಬಂದು, ಮುಂದಿನ ವಿಮಾನಕ್ಕಾಗಿ ಅದನ್ನು ಮತ್ತೆ ಸಂಸ್ಥೆಯ ವಶಕ್ಕೆ ಒಪ್ಪಿಸಬೇಕು.

ಇದಕ್ಕೆ ಸಮಯ ಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ಸ್ಥಳಾಂತರಗೊಂಡವು. ಮುಂದಿನ ವಿಮಾನ ಒಂದನೇ ಟರ್ಮಿನಲ್‌ನಿಂದ ಹೊರಡುವುದಾದರೆ ಪೆಟ್ಟಿಗೆಯೊಡನೆ ಅಲ್ಲಿಗೆ ಸಾಗಬೇಕು. ಎರಡು ಪ್ರತ್ಯೇಕ ಟಿಕೆಟ್ ಪಡೆದವರಿಗೆ ದೇಶೀಯ ವಿಮಾನದ ಕಡಿಮೆ ತೂಕದ ಮಿತಿಯೂ ಅನ್ವಯಿಸಬಹುದು.

ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ಚಾನೆಲ್‌ನ ಆಯ್ಕೆ. ಹಸಿರು ಚಾನೆಲ್‌ನಲ್ಲಿ ನಡೆದುಬರುವುದೆಂದರೆ ಸುಂಕಕ್ಕೆ ಒಳಪಡುವ ವಸ್ತು ತನ್ನಲ್ಲಿಲ್ಲವೆಂದು ಹೇಳಿದಂತೆಯೇ. ಕಾಯಿದೆಯ 79ನೇ ಕಲಮಿನ ವಿನಾಯಿತಿ ಇರುವುದು ಪ್ರಯಾಣಿಕನ ಹಾಗೂ ಕುಟುಂಬದ ಬಳಕೆಯ ವಸ್ತು, ನೈಜ ಉಡುಗೊರೆ ಮತ್ತು ಸ್ಮರಣಿಕೆಗಳಿಗೆ, ಮಾರಾಟದ ಸರಕಿಗಲ್ಲ. ಘೋಷಿಸದ ಸರಕು ಸಿಕ್ಕಿಬಿದ್ದರೆ ಅದು ಜಪ್ತಿಗೆ ಗುರಿಯಾಗಬಹುದು, ದಂಡವೂ ಬೀಳಬಹುದು. ಬಿಡಿಭಾಗಕ್ಕಾಗಿ ಕಾಯುತ್ತಿರುವ ಯಂತ್ರ ಅಷ್ಟು ದಿನ ನಿಂತಿರಬೇಕಾಗುತ್ತದೆ. ಸಂದೇಹವಿದ್ದಲ್ಲಿ ಬಿಲ್ಲನ್ನು ಕೈಯಲ್ಲಿ ಹಿಡಿದು ಕೆಂಪು ಚಾನೆಲ್‌ಗೆ ಹೋಗುವುದೇ ಲೇಸು. ಸುಂಕರಹಿತ ಮಿತಿ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ಕಾರ್ಖಾನೆಗೆ ಬರುವ ವಿದೇಶಿ ತಂತ್ರಜ್ಞರಿಗೂ ಒಂದು ಅನುಕೂಲವಿದೆ. ತಂದ ವಸ್ತುವಿನ ಬಗ್ಗೆ ಸತ್ಯವಾದ ಘೋಷಣೆ ಮಾಡಿದ್ದಲ್ಲಿ, 80ನೇ ಕಲಮಿನಡಿ ಅದನ್ನು ಇಲಾಖೆಯ ವಶದಲ್ಲಿಟ್ಟು ಮರಳುವಾಗ ಹಿಂಪಡೆಯಲು ಕೋರಬಹುದು. ಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ತರುವ ವಸ್ತುಗಳಿಗೆ ಎಟಿಎ ಕಾರ್ನೆಟ್ ಎಂಬ ಪ್ರತ್ಯೇಕ ದಾಖಲೆಯ ವ್ಯವಸ್ಥೆಯಿದ್ದು, ಭಾರತದಲ್ಲಿ ಅದನ್ನು ಎಫ್‌ಐಸಿಸಿಐ ನೀಡುತ್ತದೆ.

ವ್ಯಾಪಾರದ ಸರಕನ್ನು ಕಾರ್ಗೋ ಅಥವಾ ಕೊರಿಯರ್ ಮೂಲಕ, ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿಯೊಡನೆ ತರಿಸುವುದು ಉತ್ತಮ. ಆಗ ತೆತ್ತ ಐಜಿಎಸ್‌ಟಿಯನ್ನು ನೋಂದಾಯಿತ ಉದ್ಯಮಿಯು ನಿಯಮಾನುಸಾರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಪಡೆಯಬಹುದು. ಪೆಟ್ಟಿಗೆಯಲ್ಲಿ ತಂದು ಸಾಗಣೆ ವೆಚ್ಚ ಉಳಿಸಿದೆವೆನ್ನುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡುವುದು ಒಳಿತು.