ನೇಪಾಮ್‌ನಿಂದ ಕ್ಷಮೆಯವರೆಗೆ: ಕಿಮ್ ಫುಕ್

1972ರ ಜೂನ್ 8, ವಿಯೆಟ್ನಾಂ ಯುದ್ಧದ ಕಾಲ. ದಕ್ಷಿಣ ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಗ್ರಾಮದ ಮೇಲೆ ಆ ದೇಶದ್ದೇ ವಾಯುಪಡೆಯ ವಿಮಾನ ನೇಪಾಮ್ ಬಾಂಬು ಸುರಿಯಿತು. ನೇಪಾಮ್ ಎಂದರೆ ಲೋಳೆಯಂತೆ ಗಟ್ಟಿ ಮಾಡಿದ ಪೆಟ್ರೋಲು. ಮೈಗೆ ಅಂಟಿಕೊಂಡೇ ಉರಿಯುತ್ತದೆ. ಒಂಬತ್ತು ವರ್ಷದ ಫಾನ್ ಥಿ ಕಿಮ್ ಫುಕ್ ಉರಿಯುವ ಬಟ್ಟೆ ಕಿತ್ತೆಸೆದು ರಸ್ತೆಯಲ್ಲಿ ಓಡಿದಳು. ಆ ಕ್ಷಣದ ಫೋಟೋ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಬಾಲಕಿ ಪಡೆದದ್ದು 14 ತಿಂಗಳ ಆಸ್ಪತ್ರೆವಾಸ, 17 ಶಸ್ತ್ರಚಿಕಿತ್ಸೆ.

ಯುದ್ಧ ಮುಗಿದರೂ ಕಿಮ್‌ಗೆ ಬಿಡುಗಡೆ ಸಿಗಲಿಲ್ಲ. ವೈದ್ಯೆಯಾಗಲು ಓದುತ್ತಿದ್ದವರನ್ನು ಸರ್ಕಾರ ಪ್ರಚಾರದ ಮುಖವಾಗಿ ಬಳಸಿತು, ಓದು ನಿಂತಿತು. ನೋವು, ಸಿಟ್ಟು, ದ್ವೇಷ ಎದೆಯಲ್ಲೇ ಕುದಿಯುತ್ತಿದ್ದವು. 1982ರಲ್ಲಿ ಸೈಗಾನಿನ ಗ್ರಂಥಾಲಯವೊಂದರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಕೈಗೆ ಸಿಕ್ಕಿತು, ಅವರು ಕ್ರೈಸ್ತರಾದರು. ಆ ಪುಸ್ತಕ ಹೇಳುವಂತೆ ಶತ್ರುಗಳಿಗಾಗಿ ಪ್ರಾರ್ಥಿಸುವುದು ಅವರಿಗೆ ಸುಲಭವಾಗಿರಲಿಲ್ಲ. ಕ್ಷಮೆ ಒಂದೇ ದಿನದಲ್ಲಿ ಬರಲಿಲ್ಲ, ದಿನದಿನವೂ ಅಭ್ಯಾಸ ಮಾಡಬೇಕಾಯಿತು. ಅವರ ಕಥೆಯಲ್ಲಿ ಫೋಟೋಗಿಂತ ದೊಡ್ಡದು ಇದೇ.

ಮುಂದೆ ಕ್ಯೂಬಾದಲ್ಲಿ ಓದುವಾಗ ಮದುವೆಯಾದರು. 1992ರಲ್ಲಿ ಮಾಸ್ಕೋಗೆ ಹೋಗಿ ಮರಳುವಾಗ ವಿಮಾನ ಇಂಧನಕ್ಕೆಂದು ಕೆನಡಾದ ಗ್ಯಾಂಡರ್‌ನಲ್ಲಿ ಇಳಿಯಿತು. ದಂಪತಿ ಅಲ್ಲೇ ಆಶ್ರಯ ಕೇಳಿದರು.

1996ರ ನವೆಂಬರ್ 11ರಂದು ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದೆದುರು, ಅಮೆರಿಕದ ಮಾಜಿ ಸೈನಿಕರ ಮುಂದೆ ಕಿಮ್ ಮಾತಾಡಿದರು. ಬಾಂಬು ಹಾಕಿದ ಪೈಲಟ್ ಎದುರು ಸಿಕ್ಕರೆ ಏನು ಹೇಳುವೆ ಎಂದು ಅಲ್ಲಿ ತಿಳಿಸಿದರು: ಆಗಿಹೋದದ್ದನ್ನು ಬದಲಿಸಲಾಗದು, ಶಾಂತಿಗಾಗಿ ಇಂದು ಒಳ್ಳೆಯದನ್ನು ಮಾಡೋಣ.

ಮರುವರ್ಷ ಅವರು ಕಟ್ಟಿದ ಪ್ರತಿಷ್ಠಾನ ಯುದ್ಧದಲ್ಲಿ ನೊಂದ ಮಕ್ಕಳ ನೆರವಿಗೆ ನಿಂತಿತು.