ಬಿಟ್ಟ ಸಿಗರೇಟು ಮರಳಿ ಕೈಗೆ ಬಂದಾಗ

ಕುಂದಾಪುರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲ್ಲೂರಿನವರೆಗೆ ಸಾಗಿ, ಅಲ್ಲಿ ಒಳದಾರಿ ಹಿಡಿದರೆ ವಾರಾಹಿ ನದಿಯ ದಡದ ಹಟ್ಟಿಯಂಗಡಿ ಸಿಗುತ್ತದೆ. ಆಳುಪರ ಕಾಲದ ನೆನಪು, ಜೈನ ಬಸದಿ, ಸಿದ್ಧಿವಿನಾಯಕ ದೇವಸ್ಥಾನ ಇವು ಊರಿನ ಹೆಗ್ಗುರುತುಗಳು. ಹೆಸರಿನಲ್ಲೇ ‘ಅಂಗಡಿ’ಯನ್ನು ಉಳಿಸಿಕೊಂಡಿರುವ ಈ ಊರಿಗೆ ವರ್ತಕರು ಬರುವುದು ಇಂದಿಗೂ ತಪ್ಪಿಲ್ಲ. ಹೊಸ ಮಳಿಗೆ, ಹೊಸ ಲಾರಿ, ಹೊಸ ಯಂತ್ರ ಯಾವುದಿದ್ದರೂ ಮೊದಲ ಪೂಜೆ ವಿನಾಯಕನಿಗೆ. ದುಶ್ಚಟವೊಂದನ್ನು ಬಿಡುವಾಗ ದೇವರ ಮುಂದೆ ಸಂಕಲ್ಪ ಮಾಡುವುದೂ ಕರಾವಳಿಯವರಿಗೆ ಹೊಸತಲ್ಲ.

ಸಂಕಲ್ಪದ ಬಲ ದೊಡ್ಡದು. ಆದರೆ ಅದಕ್ಕೊಂದು ಅಪಾಯವೂ ಅಂಟಿಕೊಂಡಿದೆ. ಇನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದವನು ಇಪ್ಪತ್ತನೆಯ ದಿನ ಮದುವೆಮನೆಯ ಮೆಹೆಂದಿಯ ರಾತ್ರಿ ಒಂದು ಸಿಗರೇಟು ಸೇದಿಬಿಟ್ಟರೆ, ಅವನಿಗೆ ಕೇವಲ ಸೇದಿದೆ ಎನಿಸುವುದಿಲ್ಲ. ಮಾತು ಮುರಿದೆ ಎನಿಸುತ್ತದೆ. ಆ ನಾಚಿಕೆಯಲ್ಲಿ ಎರಡನೆಯದೂ ಹೊತ್ತಿಕೊಳ್ಳುತ್ತದೆ, ಬೆಳಗಾಗುವಾಗ ಪ್ಯಾಕೆಟ್ಟೇ ಜೇಬಿಗೆ ಬಂದಿರುತ್ತದೆ. ಮುಂದೆ ಯಾರಾದರೂ ಬಿಡುವ ಮಾತೆತ್ತಿದರೆ ‘ನನ್ನಿಂದಾಗದು, ನೋಡಿಯಾಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಧೂಮಪಾನಿಗಳನ್ನು ಕಾಡುವ ನಿಜವಾದ ತೊಡಕು ಬಹಳಷ್ಟು ಸಲ ಇದೇ ಆಗಿದೆ. ಬಿಡಬೇಕೆಂಬ ಇಚ್ಛೆ ಇಲ್ಲದವರು ಕಡಿಮೆ. ಒಮ್ಮೆ ಎಡವಿದ ಮೇಲೆ ಮತ್ತೆ ಏಳಲು ಸಂಕೋಚಪಡುವವರು ಹೆಚ್ಚು.

ಅಂಕಿಅಂಶಗಳೂ ಇದನ್ನೇ ಸೂಚಿಸುತ್ತವೆ. 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಂತೆ ಧೂಮಪಾನಿಗಳಲ್ಲಿ ಶೇಕಡಾ 55.4 ಮಂದಿ ಬಿಡುವ ಆಲೋಚನೆಯಲ್ಲಿದ್ದರು. ಶೇಕಡಾ 38.5 ಮಂದಿ ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ಪ್ರಯತ್ನಿಸಿದ್ದರು. ಯಾವ ನೆರವೂ ಇಲ್ಲದೆ ಕೇವಲ ಮನೋಬಲದಿಂದ ಬಿಡಹೊರಟವರಲ್ಲಿ ಒಂದು ವರ್ಷ ಹೊಗೆಯಿಲ್ಲದೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರವೆಂದು, ಹೆಚ್ಚಿನವರು ಮೊದಲ ಎಂಟು ದಿನಗಳೊಳಗೇ ಜಾರುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಈ ಲೆಕ್ಕ ನಿರಾಶೆ ಹುಟ್ಟಿಸಬಾರದು. ಜಾರಿದವನು ವಿಶೇಷವಾಗಿ ದುರ್ಬಲನೇನಲ್ಲ, ಅವನು ಬಹುಮತದಲ್ಲಿದ್ದಾನೆ ಎಂಬುದೇ ಇದರ ತಾತ್ಪರ್ಯ.

ಎಡವುವುದೂ ಬೀಳುವುದೂ ಬೇರೆ

ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್ ಅವರು ಜೂಡಿತ್ ಗಾರ್ಡನ್ ಅವರೊಡನೆ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಷಯವನ್ನು ವಿವರವಾಗಿ ಚರ್ಚಿಸಿದ್ದಾರೆ. ಒಂದು ಸಲ ಎಡವುವುದು ಬೇರೆ, ಹಳೆಯ ಚಟಕ್ಕೆ ಪೂರ್ಣವಾಗಿ ಮರಳುವುದು ಬೇರೆ ಎಂದು ಅವರು ವಿಂಗಡಿಸಿದರು. ಮೊದಲನೆಯದರಿಂದ ಎರಡನೆಯದಕ್ಕೆ ಮನುಷ್ಯನನ್ನು ನೂಕುವುದರಲ್ಲಿ ನಿಕೋಟಿನ್ನಿಗಿರುವಷ್ಟೇ ಪಾಲು ಅವನು ತನ್ನ ಬಗ್ಗೆ ಕೊಟ್ಟುಕೊಳ್ಳುವ ತೀರ್ಪಿಗೂ ಇದೆ. ‘ನಾನು ಎಡವಿದೆ’ ಎಂಬುದನ್ನು ‘ನಾನೇ ಇಂಥವನು’ ಎಂದು ಓದಿಕೊಂಡಾಗ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಇದನ್ನು ವ್ರತಭಂಗದ ಮನಃಸ್ಥಿತಿ ಎನ್ನಬಹುದು. ಏಕಾದಶಿಯ ಉಪವಾಸದಲ್ಲಿ ಅರಿಯದೆ ಒಂದು ತುತ್ತು ತಿಂದವನು ‘ಹೇಗೂ ಕೆಟ್ಟಿತು’ ಎಂದು ಊಟಕ್ಕೇ ಕುಳಿತಂತೆ.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ದಿನ ಲಾಭ ಕಂಡು ಒಂದು ದಿನ ನಷ್ಟವಾದರೆ ಅಂಗಡಿಗೆ ಯಾರೂ ಬೀಗ ಹಾಕುವುದಿಲ್ಲ. ಕಿರ್ದಿಯಲ್ಲಿ ನಷ್ಟವನ್ನು ಬರೆದು, ಕಾರಣವನ್ನು ಹುಡುಕಿ, ಮರುದಿನ ಬಾಗಿಲು ತೆಗೆಯುತ್ತಾರೆ. ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದವನು ಇಪ್ಪತ್ತು ದಿನಗಳಲ್ಲಿ ಇನ್ನೂರು ಸೇದದೆ ಉಳಿಸಿದ್ದಾನೆ, ಎರಡು ಸೇದಿದ್ದಾನೆ. ಖಾತೆಯ ಶಿಲ್ಕು ನೂರ ತೊಂಬತ್ತೆಂಟು. ಅದನ್ನು ಸೊನ್ನೆ ಎಂದು ಬರೆಯುವ ಗುಮಾಸ್ತನನ್ನು ಯಾವ ಧಣಿಯೂ ಇಟ್ಟುಕೊಳ್ಳಲಾರ.

ಹಾಗೆಂದು ಒಂದು ಸಿಗರೇಟು ನಿರುಪದ್ರವಿ ಎಂದು ತಿಳಿಯುವುದೂ ಅಪಾಯ. ಎಡವಿದವರಲ್ಲಿ ಅನೇಕರು ‘ಇನ್ನು ದಿನಕ್ಕೊಂದೇ’ ಎಂಬ ರಾಜಿಗೆ ಬರುತ್ತಾರೆ. 2018ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು ಈ ರಾಜಿಯನ್ನು ತಲೆಕೆಳಗು ಮಾಡಿದೆ. ದಿನಕ್ಕೆ ಇಪ್ಪತ್ತು ಸೇದುವವನಿಗೆ ಹೃದಯರೋಗದ ಹೆಚ್ಚುವರಿ ಅಪಾಯ ಎಷ್ಟೋ, ಒಂದೇ ಸೇದುವವನಿಗೂ ಅದರ ಸುಮಾರು ಅರ್ಧದಷ್ಟು ಇದೆ. ಸರಕು ಇಪ್ಪತ್ತರಲ್ಲೊಂದು ಪಾಲಾದರೂ ಸುಂಕ ಅರ್ಧ! ಮೇಲಾಗಿ ಆ ‘ಒಂದು’ ಎಂಬುದು ಮೂರು ವಾರ ಒಂದಾಗಿಯೇ ಉಳಿಯುವುದು ಅಪರೂಪ. ಸಿಗರೇಟು ಬಿಟ್ಟು ಗುಟ್ಕಾ ಅಥವಾ ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಿಡಿಯುವುದೂ ಬಿಟ್ಟಂತಲ್ಲ. ಸಾಲವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸಿದಂತೆ.

ಗಲ್ಲಾದ ಹಿಂದೆ ಕುಳಿತವನ ಕಷ್ಟ

ನಿಕೋಟಿನ್ ಶ್ವಾಸಕೋಶದಿಂದ ಮೆದುಳನ್ನು ತಲುಪಲು ಹತ್ತಿಪ್ಪತ್ತು ಸೆಕೆಂಡು ಸಾಕು. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಮತ್ತೆ ಬೇಡಿಕೆ ಏಳುತ್ತದೆ. ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ರಾಭಂಗ, ಹಸಿವು, ಏಕಾಗ್ರತೆಯ ಕೊರತೆಗಳು ಶಿಖರಕ್ಕೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಸೇದಬೇಕೆಂಬ ಒಂದೊಂದು ತುಡಿತ ಮಾತ್ರ ಬಹಳ ಹೊತ್ತು ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹಾದುಹೋಗುತ್ತದೆ. ತೂಕದ ಯಂತ್ರದ ಬಳಿ ಹೋಗಿ ಒಂದು ಲೋಡು ಪರಿಶೀಲಿಸಿ ಬರುವಷ್ಟರಲ್ಲಿ ಅದರ ಜೋರು ತಗ್ಗಿರುತ್ತದೆ.

ಶರೀರದ ಬೇಡಿಕೆ ಹೀಗೆ ವಾರಗಳಲ್ಲಿ ತಣಿದರೂ ಸಂದರ್ಭಗಳ ನೆನಪು ತಿಂಗಳುಗಟ್ಟಲೆ ಉಳಿಯುತ್ತದೆ. ಎಡವುವುದು ಹೆಚ್ಚಾಗಿ ಅಲ್ಲಿಯೇ. ವರ್ತಕನ ದಿನಚರಿಯಲ್ಲಿ ಇಂಥ ಸಂದರ್ಭಗಳಿಗೆ ಬರವಿಲ್ಲ. ಜಿ.ಎಸ್.ಟಿ. ರಿಟರ್ನ್ ಸಲ್ಲಿಸಬೇಕಾದ ತಿಂಗಳ 20ನೇ ತಾರೀಕು, ಮಾರ್ಚ್ ಕೊನೆಯ ಲೆಕ್ಕ, ಬಾಕಿ ವಸೂಲಿಗೆ ಹೋಗಿ ಬರಿಗೈಲಿ ಮರಳಿದ ಸಂಜೆ, ಲಾರಿಯವರೊಡನೆ ಕುಡಿಯುವ ಚಹಾ, ಯಕ್ಷಗಾನದ ಬಯಲಿನಲ್ಲಿ ನಡುರಾತ್ರಿಯ ತೂಕಡಿಕೆ. ಜೂನ್-ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧವಿರುವಾಗ ಗಂಗೊಳ್ಳಿಯ ಬಂದರನ್ನು ನೆಚ್ಚಿದ ಮಂಜುಗಡ್ಡೆ, ಬಲೆ, ಡೀಸೆಲ್ ವ್ಯಾಪಾರಿಗಳಿಗೆ ಬಿಡುವೇ ಬಿಡುವು. ಅವಸರದಷ್ಟೇ ಬಿಡುವೂ ಸಿಗರೇಟಿಗೆ ನೆಂಟ.

ಇವೆಲ್ಲಕ್ಕಿಂತ ಕಠಿಣವಾದ ಸ್ಥಿತಿ ಜಿನಸಿ ಅಂಗಡಿಯವನದು. ಬೇರೆಯವರು ‘ಮನೆಯಲ್ಲಿ ಒಂದೂ ಸಿಗರೇಟು ಇಡಬೇಡಿ’ ಎಂಬ ವೈದ್ಯರ ಮಾತನ್ನು ಪಾಲಿಸಬಹುದು. ಇವನ ಬೆನ್ನ ಹಿಂದಿನ ಕಪಾಟಿನಲ್ಲೇ ಕಂಪೆನಿಯ ಕಟ್ಟುಗಳಿವೆ, ದಿನಕ್ಕೆ ಹತ್ತಾರು ಸಲ ಅವನ ಕೈಯೇ ಅವನ್ನು ಮುಟ್ಟಬೇಕು. ಬೀಡಿ ಕಟ್ಟಿ ಸಂಸಾರ ತೂಗಿಸಿದ ಮನೆಗಳು ಕರಾವಳಿಯಲ್ಲಿ ಎಷ್ಟೋ ಇವೆ. ತಂಬಾಕು ಇಲ್ಲಿ ಚಟವಾಗಿರುವಂತೆ ಜೀವನೋಪಾಯವೂ ಆಗಿದೆ. ಈ ಮಾರಾಟವನ್ನು ಮುಂದುವರಿಸಬೇಕೇ ಎಂಬುದು ಆಯಾ ವರ್ತಕನ ವಿವೇಚನೆಗೆ ಬಿಟ್ಟದ್ದು. ಆದರೆ ಬಿಡುವ ಪ್ರಯತ್ನದಲ್ಲಿರುವ ಮೊದಲ ಒಂದೆರಡು ತಿಂಗಳ ಮಟ್ಟಿಗೆ ಆ ಕಪಾಟನ್ನು ಗಲ್ಲಾದಿಂದ ದೂರಕ್ಕೆ ಸರಿಸುವುದು, ಅದರ ವಹಿವಾಟನ್ನು ಸೇದದ ಸಹಾಯಕನಿಗೆ ವಹಿಸುವುದು, ಬಿಡಿ ಮಾರಾಟವನ್ನು ನಿಲ್ಲಿಸುವುದು ಸಾಧ್ಯವಿರುವ ಕೆಲಸಗಳು. ಕೊನೆಯದಂತೂ ಕಾನೂನಿನ ಅಗತ್ಯವೂ ಹೌದು. ಕರ್ನಾಟಕ ಸರಕಾರವು 2024ರಲ್ಲಿ ತಂದು, ರಾಷ್ಟ್ರಪತಿಗಳ ಅಂಕಿತದೊಡನೆ 2025ರ ಮೇ ತಿಂಗಳಲ್ಲಿ ಜಾರಿಗೊಂಡ ತಿದ್ದುಪಡಿಯಂತೆ ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ, 21 ವರ್ಷಕ್ಕಿಂತ ಕೆಳಗಿನವರಿಗೆ ಕೊಡುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮಗಳ ಪ್ರಕಾರ ಕಾರ್ಖಾನೆ, ಕಚೇರಿಗಳಂಥ ಕೆಲಸದ ಸ್ಥಳಗಳೂ ಸಾರ್ವಜನಿಕ ಸ್ಥಳಗಳೇ ಎಂಬುದನ್ನು ಸಣ್ಣ ಉದ್ಯಮಿಗಳು ಮರೆಯುವುದುಂಟು. ಧಣಿಯೇ ಬೋರ್ಡಿನ ಕೆಳಗೆ ನಿಂತು ಹೊತ್ತಿಸಿದರೆ ಕೆಲಸಗಾರರಲ್ಲಿ ಬಿಡಹೊರಟವನು ಎಷ್ಟು ದಿನ ನಿಂತಾನು?

ಮತ್ತೆ ಏಳುವ ವಿಧಾನ

ಎಡವಿದ ದಿನವೇ ಮಾಡಬೇಕಾದುದು ಎರಡು. ಉಳಿದ ಸಿಗರೇಟುಗಳನ್ನು ನೀರಿಗೆ ಹಾಕಿ ಎಸೆಯುವುದು ಒಂದು. ‘ಮುಂದಿನ ಒಂದನೇ ತಾರೀಕಿನಿಂದ’, ‘ಚೌತಿಯ ನಂತರ’ ಎಂಬ ವಾಯಿದೆಗಳನ್ನು ಪಡೆಯದಿರುವುದು ಇನ್ನೊಂದು. ಬಳಿಕ ಎಲ್ಲಿ, ಯಾರೊಡನೆ, ಯಾವ ಹೊತ್ತಿನಲ್ಲಿ, ಯಾವ ಮನಃಸ್ಥಿತಿಯಲ್ಲಿ ಕೈ ಚಾಚಿತು ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಮೂರು ಸಲ ಎಡವಿದವನ ಬಳಿ ಮೂರು ಚೀಟಿಗಳಿರುತ್ತವೆ, ಮೂರರಲ್ಲೂ ಒಂದೇ ಹೆಸರೋ ಒಂದೇ ಹೊತ್ತೋ ಕಾಣಿಸಿಕೊಳ್ಳುವುದು ಸಾಮಾನ್ಯ. ಆಗ ಬಿಡಬೇಕಾದುದು ಸಿಗರೇಟಿನ ಜೊತೆಗೆ ಆ ಸಂಜೆಯ ಕಟ್ಟೆಯನ್ನೂ ಎಂಬುದು ತಿಳಿಯುತ್ತದೆ.

ನಿಕೋಟಿನ್ ಚೂಯಿಂಗ್ ಗಮ್ ಬಳಸುತ್ತಿರುವವರು ಎಡವಿದೊಡನೆ ಅದನ್ನೂ ನಿಲ್ಲಿಸಿಬಿಡುತ್ತಾರೆ. ಇದು ಸರಿಯಲ್ಲ, ವೈದ್ಯರ ಸಲಹೆಯಂತೆ ಎಂಟರಿಂದ ಹನ್ನೆರಡು ವಾರ ಮುಂದುವರಿಸಬೇಕಾದ ಚಿಕಿತ್ಸೆ ಅದು. ಕರಾವಳಿಯವರು ಅದನ್ನು ಕವಳದಂತೆ ಒಂದೇ ಸಮನೆ ಜಗಿದು, ಬಿಕ್ಕಳಿಕೆ ಬಂತೆಂದು ದೂರುವುದೂ ಇದೆ. ನಿಧಾನವಾಗಿ ಜಗಿದು, ಖಾರದ ಚುರುಕು ನಾಲಿಗೆಗೆ ತಿಳಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ನಿಕೋಟಿನ್ ಹೊಟ್ಟೆಗಲ್ಲ, ಬಾಯಿಯ ಒಳಪೊರೆಯಿಂದ ರಕ್ತಕ್ಕೆ ಹೋಗಬೇಕು ಎಂಬುದು ಇದರ ಗುಟ್ಟು. ಜಗಿಯುವ ಮೊದಲ ಕಾಲು ಗಂಟೆ ಕಾಫಿ, ಸೋಡಾ ವರ್ಜ್ಯ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ. ಅವನ್ನು ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು.

ಕಾಫಿಯ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಸಿಗರೇಟು ನಿಂತಾಗ ಆ ಚುರುಕೂ ನಿಲ್ಲುತ್ತದೆ, ಅಭ್ಯಾಸದ ನಾಲ್ಕೈದು ಲೋಟ ಕಾಫಿಯೇ ಒಮ್ಮೆಲೆ ಜಾಸ್ತಿಯಾಗಿಬಿಡುತ್ತದೆ. ಕೈನಡುಕ, ಎದೆಬಡಿತ, ನಿದ್ರೆಗೇಡುಗಳನ್ನು ಮನುಷ್ಯ ‘ಸಿಗರೇಟು ಇಲ್ಲದ ಸಂಕಟ’ ಎಂದೇ ತಿಳಿದು ಮತ್ತೆ ಸೇದುತ್ತಾನೆ. ಬಿಡುವ ವಾರದಿಂದಲೇ ಕಾಫಿ, ಚಹಾಗಳನ್ನು ಅರ್ಧಕ್ಕಿಳಿಸಿದರೆ ಈ ಗೊಂದಲ ತಪ್ಪುತ್ತದೆ.

ಒಂಟಿಯಾಗಿ ಹೋರಾಡುವುದಕ್ಕಿಂತ ಜೊತೆ ಇದ್ದರೆ ಲೇಸು ಎಂಬುದನ್ನು ಈ ಭಾಗದವರು ಇನ್ನೊಂದು ಚಟದ ವಿಷಯದಲ್ಲಿ ಕಂಡಿದ್ದಾರೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಶಿಬಿರಾರ್ಥಿಗಳನ್ನು ಹಾಗೆಯೇ ಬಿಡುವುದಿಲ್ಲ. ಊರಿನಲ್ಲೇ ‘ನವಜೀವನ ಸಮಿತಿ’ಗಳನ್ನು ರಚಿಸಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಏರ್ಪಾಡಿದೆ. ತಂಬಾಕಿಗೂ ಈ ಮಾದರಿ ಹೊಂದುತ್ತದೆ. ವರ್ತಕರ ಸಂಘದ ಮಾಸಿಕ ಸಭೆಯ ಕೊನೆಯ ಹತ್ತು ನಿಮಿಷಗಳಲ್ಲಿ, ಬಿಟ್ಟವರೂ ಬಿಟ್ಟು ಎಡವಿದವರೂ ಜೊತೆಗೆ ಕುಳಿತು ಮಾತನಾಡಲು ಖರ್ಚೇನೂ ಇಲ್ಲ. ಎಡವಿದ್ದನ್ನು ಹೇಳಿಕೊಂಡರೆ ನಗುವವರಿಲ್ಲ ಎಂಬ ಭರವಸೆ ಮಾತ್ರ ಅಲ್ಲಿರಬೇಕು.

ಐವತ್ತು ದಾಟಿದವರು ‘ಇನ್ನೇನು ಪ್ರಯೋಜನ’ ಎನ್ನುವುದುಂಟು. ಬ್ರಿಟಿಷ್ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. 30ರ ವಯಸ್ಸಿನಲ್ಲಿ ಬಿಟ್ಟವರು ಸರಾಸರಿ 10 ವರ್ಷ, 40ರಲ್ಲಿ 9, 50ರಲ್ಲಿ 6, 60ರಲ್ಲಿ ಬಿಟ್ಟವರೂ 3 ವರ್ಷಗಳ ಆಯುಷ್ಯವನ್ನು ಮರಳಿ ಪಡೆದಿದ್ದರು. ಹಣದ ಲೆಕ್ಕ ಇನ್ನೂ ಸರಳ. ಒಂದಕ್ಕೆ 15 ರೂಪಾಯಿಯಂತೆ ದಿನಕ್ಕೆ ಹತ್ತು ಎಂದಿಟ್ಟುಕೊಂಡರೂ ವರ್ಷಕ್ಕೆ 54,750 ರೂಪಾಯಿ. ವರ್ಷದಲ್ಲಿ ನಾಲ್ಕು ಸಲ ಎಡವಿ ನಾಲ್ಕು ಪ್ಯಾಕೆಟ್ಟು ಸುಟ್ಟವನಿಗೂ ಐವತ್ನಾಲ್ಕು ಸಾವಿರ ಉಳಿದಿರುತ್ತದೆ.

ನೆರವು ಬೇಕಾದವರಿಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲಕ ಕನ್ನಡದಲ್ಲೇ ಆಪ್ತಸಲಹೆ ದೊರೆಯುತ್ತದೆ. 1800-11-2356 ಎಂಬ ಈ ಶುಲ್ಕರಹಿತ ಸಂಖ್ಯೆಯನ್ನು 2018ರ ಸೆಪ್ಟೆಂಬರಿನಿಂದ ತಂಬಾಕಿನ ಪ್ಯಾಕೆಟ್ಟುಗಳ ಮೇಲೆಯೇ ಮುದ್ರಿಸಲಾಗುತ್ತಿದೆ. ಬಿಡುವ ದಿನವನ್ನು ನಿಗದಿಪಡಿಸಿಕೊಂಡವರಿಗೆ ಸಲಹೆಗಾರರೇ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ನಡುವೆ ಎಡವಿದವರು ಆ ಕರೆಯನ್ನು ಎತ್ತಲು ನಾಚಬೇಕಾಗಿಲ್ಲ. ಅಂಥವರೊಡನೆ ಮಾತನಾಡುವುದೇ ಅವರ ನಿತ್ಯದ ಕೆಲಸ.